ಮನೆಗೊಂದು ನಾಯಿ

ಬಾಚಣಿಗೆಯ ಹಲ್ಲಿಗೆ ಗಂಟು ಸಿಕ್ಕಿದಾಗಲೆಲ್ಲ ನಾನು ಕೈ ನಿಲ್ಲಿಸುತ್ತಿದ್ದೆ. ಗಂಟನ್ನು ಬೆರಳ ನಡುವೆ ಹಿಡಿದು, ತುಸು ಕೊಬ್ಬರಿ ಎಣ್ಣೆ ಸವರಿ, ಎಳೆ ಎಳೆಯಾಗಿ ಬಿಡಿಸಿ, ಮತ್ತೆ ಬಾಚುತ್ತಿದ್ದೆ. ಅಮ್ಮ ಮರಿಯ ಹಿಂಗಾಲು ಹಿಡಿದಿದ್ದಳು. ತಂಗಿ ವಾಸಂತಿ ಅದರ ಗದ್ದವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಮೂವರೂ ಮಾತಾಡುತ್ತಿರಲಿಲ್ಲ. ಕಿಟಕಿಯ ಆಚೆ ದಿನದಂತೆ ದಟ್ಟ ಮಂಜಿನ ಹಾಗೆ ಬಿಳುಪು ಇಳಿದಿತ್ತು. ಎದುರು ಮನೆಯ ಗೋಡೆ, ಬೇವಿನ ಮರ, ನಮ್ಮದೇ ಜಗಲಿಯ ಕಂಬ, ಯಾವುದೂ ಕಾಣುತ್ತಿರಲಿಲ್ಲ.

ಬಿಳುಪು ಇರುವಷ್ಟು ಹೊತ್ತು ನಮ್ಮೂರಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬೀದಿಯಲ್ಲಿ ಯಾರೋ ತಮ್ಮ ನಾಯಿಯ ಕುತ್ತಿಗೆಯ ಕೂದಲು ಹಿಡಿದು ಮನೆಗೆ ನಡೆಯುತ್ತಿರುತ್ತಾರೆ. ಒಂದು ಮಾತು ಕಿವಿಗೆ ಬಿದ್ದರೂ ಸಾಕು, ನಾಯಿ ಆ ಕಡೆ ತಿರುಗುತ್ತದೆ. ಒಮ್ಮೆ ತಿರುಗಿದರೆ ಬಿಳುಪು ಏಳುವವರೆಗೆ ಅದಕ್ಕೆ ಮತ್ತೆ ದಾರಿ ಸಿಗುವುದಿಲ್ಲ. ಅದಕ್ಕೇ ಮಧ್ಯಾಹ್ನದ ಊಟವಾದ ಮೇಲೆ ದೀಪ ಹಚ್ಚುವ ಹೊತ್ತಿನವರೆಗೆ ಊರಿನ ಎಲ್ಲ ಕೆಲಸಗಳೂ ಸದ್ದಿಲ್ಲದೆ ನಡೆಯುತ್ತವೆ. ಹಸುಗೂಸುಗಳನ್ನೂ ಆ ಹೊತ್ತಿಗೆ ಮಲಗಿಸಿರುತ್ತಾರೆ.

ಮರಿಯ ಹೆಸರು ಜೋಳ. ಬಣ್ಣ ಹಾಗಿತ್ತು. ಅಜ್ಜಿ ನಮ್ಮ ಬೀದಿಯ ನಾಡುನಾಯಿ, ಅಜ್ಜ ಹೊರಗಿನಿಂದ ತರಿಸಿದ ಪೂಡಲ್ ಜಾತಿಯದು. ಮೈತುಂಬ ಗುಂಗುರು ಉಣ್ಣೆ. ಕೂದಲು ಉದುರುವುದಿಲ್ಲ, ಆದರೆ ದಿನಾ ಬಾಚದಿದ್ದರೆ ಕಂಬಳಿಯ ಹಾಗೆ ಹೆಣೆದುಕೊಂಡು ಒಳಗಿನ ಚರ್ಮ ಕೆಂಪಾಗುತ್ತಿತ್ತು. ಊರಿನವರು ಇಂಥವನ್ನು ಉಣ್ಣೆಮರಿ ಅನ್ನುತ್ತಿದ್ದರು. ಕಾರಿನಲ್ಲಿ ಬಂದು ಕೊಂಡುಹೋಗುತ್ತಿದ್ದ ಹೊರಗಿನವರು ಡಿಸೈನರ್ ನಾಯಿ ಅನ್ನುತ್ತಿದ್ದರು. ಮರುದಿನದ ಪರೀಕ್ಷೆಯಲ್ಲಿ ಜೋಳ ಬಿಳುಪಿನ ನಡುವೆ ವಾಸಂತಿಯನ್ನು ಊರ ಕಟ್ಟೆಯ ಕಲ್ಲಿನಿಂದ ಮನೆಗೆ ಕರೆತರಬೇಕಿತ್ತು. ಕರೆತಂದರೆ ಅದು ನಮ್ಮ ನಾಯಿ, ವಾಸಂತಿಗೆ ಹೈಸ್ಕೂಲು.

ಹೈಸ್ಕೂಲು ಇರುವುದು ಹಳೆಯ ಕಲ್ಲುಗಣಿಯ ಆಚೆ. ಅದು ಬಿಡುವುದು ಬಿಳುಪಿನ ನಡುವೆ. ನಾಯಿ ಇಲ್ಲದ ಮನೆಯ ಮಕ್ಕಳಿಗೆ ಏಳನೇ ತರಗತಿಯೇ ಕೊನೆ. ನನಗೂ ಅದೇ ಕೊನೆಯಾಯಿತು. ವಾಸಂತಿಗೆ ಉಬ್ಬಸ. ನಾಡುನಾಯಿಯ ಕೂದಲು ಮೂಗಿಗೆ ತಾಗಿದರೆ ಅವಳ ಎದೆ ಕುಲುಮೆಯ ತಿದಿಯ ಹಾಗೆ ಸದ್ದು ಮಾಡುತ್ತದೆ, ತುಟಿ ನೀಲಿಯಾಗುತ್ತದೆ. ಅವಳು ಕೂಸಾಗಿದ್ದಾಗಲೇ ಅಪ್ಪ ನಮ್ಮ ನಾಯಿ ಕೆಂದನನ್ನು ಗುಡ್ಡದ ಕುರಿಗಾಹಿಗಳಿಗೆ ಕೊಟ್ಟು ಬಂದಿದ್ದ. ಅಪ್ಪ ಹೋದ ಮೇಲೂ ನಾವು ಇನ್ನೊಂದು ನಾಯಿ ತರಲಿಲ್ಲ. ಈಗ ಅವಳ ಏಳನೇ ತರಗತಿ ಮುಗಿದಿತ್ತು.

ಜೋಳದ ಉಣ್ಣೆಯಲ್ಲಿ ಅವಳು ಮುಖ ಹುದುಗಿಸಿ ಮಲಗುತ್ತಿದ್ದಳು. ಉಸಿರು ಸದ್ದು ಮಾಡುತ್ತಿರಲಿಲ್ಲ. ನಾನು ಎದ್ದು ಕೂತು ಎಷ್ಟೋ ಸಲ ಆ ಉಸಿರನ್ನು ಕೇಳಿದ್ದೇನೆ.

ಆದರೆ ಇನ್ನೊಂದನ್ನೂ ನೋಡಿದ್ದೆ. ಜೋಳ ಅಡಿಗೆಮನೆಯಿಂದ ಹೊರಗೆ ಹೋಗಬೇಕೆಂದರೆ ಬಾಗಿಲಿಗೆ ಹೋಗುತ್ತಿರಲಿಲ್ಲ. ಗೋಡೆಗೆ ಮೂಗು ತಾಗಿಸಿ ನಿಂತು, ಗೋಡೆ ಸರಿಯಲಿ ಎಂಬಂತೆ ಬಾಲ ಅಲ್ಲಾಡಿಸುತ್ತಿತ್ತು. ಅಮ್ಮನಿಗೆ ಹೇಳಿದೆ. "ಇನ್ನೂ ಕೂಸು ಕಣೇ ಅದು. ತಿಳೀತದೆ ಬಿಡು," ಅಂದಳು. ಆಮೇಲೆ ಅವಳೂ ಅದನ್ನು ನೋಡತೊಡಗಿದಳು. ಮತ್ತೆ ನಾವು ಆ ಮಾತೆತ್ತಲಿಲ್ಲ.

ಉಣ್ಣೆಮರಿಗಳನ್ನು ಹುಟ್ಟಿಸುತ್ತಿದ್ದವರು ದನದ ಡಾಕ್ಟರ್ ಇಂದುಮತಿ ಮೇಡಂ. ಅವರ ಗಂಡನಿಗೂ ಉಬ್ಬಸವಿತ್ತು, ಅವರ ಮನೆಯಲ್ಲೂ ನಾಯಿ ಇರಲಿಲ್ಲ. ಒಂದು ಮಧ್ಯಾಹ್ನ ಔಷಧಿ ಮುಗಿದಿದೆ ಎಂದು ಗಂಡ ಒಬ್ಬರೇ ಅಂಗಡಿಗೆ ಹೊರಟರು. ಬಿಳುಪು ಎದ್ದ ಮೇಲೆ ಕಲ್ಲುಗಣಿಯ ನೀರಿನಲ್ಲಿ ಸಿಕ್ಕರು. ಆಮೇಲೆ ಮೇಡಂ ಪೂಡಲ್ ತರಿಸಿದರು. ಮೊದಮೊದಲು ಹುಟ್ಟಿದ ಮರಿಗಳು ಉಬ್ಬಸದವರ ಮನೆಗೇ ಹೋದವು. ಕೆಲವು ಚೆನ್ನಾಗಿ ದಾರಿ ಹಿಡಿದವು. ಎಷ್ಟೋ ವರ್ಷ ಮಧ್ಯಾಹ್ನದ ಬೀದಿ ನೋಡದಿದ್ದವರು ಬಿಳುಪಿನಲ್ಲಿ ನಡೆದು ಬಂದು ಬಾಗಿಲಲ್ಲಿ ನಿಂತು ಅತ್ತದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಉಬ್ಬಸವಿಲ್ಲದವರೂ ಬರತೊಡಗಿದರು.

ನಾನು ಮೇಡಂ ಅವರ ಮರಿಮನೆಯಲ್ಲಿ ತೊಳೆಯುವ, ಬಾಚುವ ಕೆಲಸ ಮಾಡುತ್ತಿದ್ದೆ. ಜಾಸ್ತಿ ಮಾತಾಡಬೇಕಾಗಿಲ್ಲದ ಕೆಲಸ, ನನಗೆ ಒಗ್ಗಿತ್ತು. ಬಟ್ಟೆ ಅಂಗಡಿ ಸೆಟ್ಟರ ಹೆಂಡತಿ ಗಿರಿಜಮ್ಮ ಮರಿ ಆರಿಸಲು ಬಂದ ದಿನ ನಾನು ಅಲ್ಲೇ ಕೂತು ಒಂದರ ಕಿವಿ ಒರೆಸುತ್ತಿದ್ದೆ.

"ಡಾಕ್ಟ್ರೇ, ಈ ಜೇನುಬಣ್ಣದ್ದು ಕೊಡಿ. ನಮ್ಮ ಸೋಫಾಕ್ಕೆ ಒಪ್ಪುತ್ತೆ."

"ಅದರ ದಾರಿ ಇನ್ನೂ ನೋಡಿಲ್ಲ, ಗಿರಿಜಮ್ಮ."

"ದಾರಿ ಏನು ಮಾಡ್ಲಿ? ನಾನೆಲ್ಲಿ ಮಧ್ಯಾಹ್ನ ಹೊರಗೆ ಹೋಗ್ತೀನಿ? ನಮ್ಮ ಹಳೇ ನಾಯಿ ಕರಿಯನ್ನ ಡ್ರೈವರಿಗೆ ಕೊಟ್ಟುಬಿಡ್ತೀವಿ. ಮನೇಲಿ ಎರಡು ನಾಯಿ ಇರೋ ಹಾಗಿಲ್ವಲ್ಲ."

ಅದು ಹೌದು. ನಮ್ಮೂರಲ್ಲಿ ಮನೆಗೆ ಒಂದೇ ನಾಯಿ. ಮರಿಮನೆ ಬಿಟ್ಟು ಮನೆ ಸೇರಿದ ಮೇಲೆ ಒಂದೇ ಸೂರಿನಡಿ ಎರಡು ಮಲಗಿದರೆ ಎರಡಕ್ಕೂ ದಾರಿ ಕೆಡುತ್ತದೆ. ಇದು ಪುಟ್ಟ ಮಕ್ಕಳಿಗೂ ಗೊತ್ತು.

ಮೇಡಂ ಜೇನುಬಣ್ಣದ್ದನ್ನು ಕೊಟ್ಟರು. ಮರಿಗಳಿಗೆ ಹಾಲು ಬೇಕಿತ್ತು, ಪೂಡಲ್‌ಗೆ ಔಷಧಿ ಬೇಕಿತ್ತು. ಮುಂದಿನ ಸಲ ಜೇನುಬಣ್ಣದವನ್ನೇ ಕೂಡಿಸಿದರು. ಹೀಗೆ ಕೂಡಿಸುತ್ತ ಕೂಡಿಸುತ್ತ ಉಣ್ಣೆ ಚೆಂದವಾಗುತ್ತ ಹೋಯಿತು. ದಾರಿ ತಪ್ಪಿದವು ಮರಿಮನೆಯ ಹಿಂದಿನ ಶೆಡ್ಡಿಗೆ ಸೇರುತ್ತ ಹೋದವು. ಮೊದಲೆಲ್ಲ ಅಪರೂಪಕ್ಕೆ ಒಂದು ನಾಡುನಾಯಿ ತಪ್ಪಿದರೆ ಗುಡ್ಡದ ಕುರಿಗಾಹಿಗಳು ಒಯ್ಯುತ್ತಿದ್ದರು. ಅಲ್ಲಿಗೆ ಬಿಳುಪು ಏರುವುದಿಲ್ಲ. ಆದರೆ ಉಣ್ಣೆಮರಿಗಳನ್ನು ಅವರು ಬೇಡವೆಂದರು. ಮುಳ್ಳುಕಂಟಿಯಲ್ಲಿ ಸಿಕ್ಕಿಕೊಂಡು ಅರಚುತ್ತವಂತೆ. ಕಾರಿನಲ್ಲಿ ಬರುತ್ತಿದ್ದ ಹೊರಗಿನವರಿಗೆ ಪುಟ್ಟ ಮರಿ ಬೇಕಿತ್ತು, ಬೆಳೆದದ್ದು ಬೇಡ. ಶೆಡ್ಡಿನಲ್ಲಿ ಬುಟ್ಟಿ ಇಡಲು ಜಾಗವಿಲ್ಲದಂತಾಯಿತು. ನಾನು ನೀರು ಇಡಲು ಹೋದರೆ ಎಲ್ಲವೂ ಒಟ್ಟಿಗೆ ಏಳುತ್ತಿದ್ದವು. ಯಾವುದೂ ಬಾಗಿಲ ಕಡೆ ನೋಡುತ್ತಿರಲಿಲ್ಲ.

ಪರೀಕ್ಷೆಯ ದಿನ ಕಟ್ಟೆಯ ಹತ್ತಿರ ಬೋರಲಿಂಗಯ್ಯ ತನ್ನ ನಾಯಿ ಕಾಳಿಯೊಂದಿಗೆ ಕಾಯುತ್ತಿದ್ದ. ಕಟ್ಟೆಯ ಕಲ್ಲಿನ ಬಳಿ ನಿಂತು ಹೊಸ ನಾಯಿಗಳನ್ನು ಕಳಿಸಿಕೊಡುವುದು ಅವನ ಮನೆತನದ ಕೆಲಸ. ಬಿಳುಪು ಇನ್ನೂ ಇಳಿದಿರಲಿಲ್ಲ. ಅವನು ಜೋಳವನ್ನು ನೋಡಿ ನಕ್ಕ.

"ಏನವ್ವ ಹೊನ್ನಿ, ಇದು ನಾಯೋ, ಹಾಸಿಗೆಯಿಂದ ಕಿತ್ತ ಹತ್ತಿಯೋ?"

ನಾನು ತಲೆ ತಗ್ಗಿಸಿದೆ. ವಾಸಂತಿ ಉತ್ತರ ಕೊಟ್ಟಳು. "ನಾಯೀನೇ ತಾತ. ನಿಮ್ಮ ಕಾಳಿಗಿಂತ ಚೆಂದ ಇದೆ, ಅದಕ್ಕೆ ನಿಮಗೆ ಹೊಟ್ಟೆಕಿಚ್ಚು."

"ಚೆಂದ ಯಾರಿಗೆ ಬೇಕು ಮಗಾ? ಬಿಳುಪಲ್ಲಿ ಮುಖ ಕಾಣ್ತದಾ?" ಅವನ ದನಿ ಮೆತ್ತಗಾಯಿತು. ಬಗ್ಗಿ ಜೋಳದ ಕುತ್ತಿಗೆ ಮುಟ್ಟಿ ನೋಡಿದ. "ಗಟ್ಟಿ ಹಿಡ್ಕೊ. ಮನೆ ಸಿಗಲಿಲ್ಲ ಅನ್ನಿಸಿದ್ರೆ ಅಲ್ಲೇ ಕೂತುಬಿಡು. ಏಳಬೇಡ. ಕೂಗಬೇಡ. ಕೇಳಿಸ್ತಾ?"

"ಹೂಂ."

ನಾನು, ಅಮ್ಮ ಮನೆಗೆ ಬಂದು ಬಾಗಿಲಲ್ಲಿ ನಿಂತೆವು. ಬಿಳುಪು ಇಳಿಯಿತು. ಮೊದಲು ಸೂರು ಹೋಯಿತು, ಆಮೇಲೆ ಬೀದಿ, ಆಮೇಲೆ ನನ್ನ ಕಾಲು. ಕೇಳುವುದೊಂದೇ ಉಳಿಯಿತು. ಯಾರೋ ದಾಟಿಹೋದರು, ಅವರ ನಾಯಿ ಮೂಗಿನಲ್ಲಿ ಉಸಿರು ಬಿಟ್ಟಿತು. ಎಲ್ಲೋ ಬಾಗಿಲು ಮೆಲ್ಲಗೆ ಮುಚ್ಚಿತು. ಆಮೇಲೆ ತುಂಬ ಹೊತ್ತು ಏನೂ ಇಲ್ಲ.

ವಾಸಂತಿಯ ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತು, ಪಿನ್ನು ಹಾಕಿದ್ದೆವು. ಅದು ಹೆಜ್ಜೆಗೊಮ್ಮೆ ಕಿರುಗುಟ್ಟುತ್ತಿತ್ತು. ಆ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿತು. ಅಮ್ಮ ನನ್ನ ಕೈ ಹಿಡಿದಳು. ಸದ್ದು ಹತ್ತಿರ ಬಂತು. ಜೋಳದ ಉಗುರುಗಳೂ ಕೇಳಿಸಿದವು, ಬೇಗ ಬೇಗ, ಖುಷಿಯಲ್ಲಿರುವ ಹಾಗೆ. ನಮ್ಮ ಜಗಲಿಯ ಎದುರಿಗೆ ಬಂದವು. ಕೈ ಚಾಚಿದರೆ ಅವಳ ಜಡೆ ಸಿಗುತ್ತಿತ್ತೇನೋ.

ನಿಲ್ಲಲಿಲ್ಲ. ಮುಂದೆ ಹೋದವು.

ನಮ್ಮ ಮನೆ ದಾಟಿದರೆ ಇನ್ನು ಎರಡು ಮನೆ. ಅದಾದ ಮೇಲೆ ಕಲ್ಲುಗಣಿ. ನನ್ನ ಬಾಯಿ ತೆರೆದಿತ್ತು, ಅವಳ ಹೆಸರಿನ ಮೊದಲ ಅಕ್ಷರ ತುಟಿಗೆ ಬಂದಿತ್ತು. ಅಮ್ಮ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಎಷ್ಟು ಬಲವಾಗಿ ಒತ್ತಿದಳೆಂದರೆ ಹಲ್ಲು ತುಟಿಗೆ ನಾಟಿ ರಕ್ತದ ರುಚಿ ಬಂತು. ಕೂಗಿದರೆ ಜೋಳ ತಿರುಗುತ್ತದೆ, ಎತ್ತ ತಿರುಗುತ್ತದೋ ಗೊತ್ತಿಲ್ಲ. ಇದೇ ಬೀದಿಯಲ್ಲಿ ಇನ್ನಾರದೋ ಮಗಳು ಇನ್ನಾವುದೋ ನಾಯಿ ಹಿಡಿದು ಬರುತ್ತಿರಬಹುದು. ಅಮ್ಮನಿಗೆ ಇದೆಲ್ಲ ಗೊತ್ತಿತ್ತು. ಅವಳ ಕೈ ಸಡಿಲವಾಗಲಿಲ್ಲ. ಚಪ್ಪಲಿಯ ಸದ್ದು ಸಣ್ಣದಾಗುತ್ತ ಹೋಗಿ ನಿಂತಿತು.

ಬಿಳುಪು ಏಳುವವರೆಗೆ ನಾವು ಹಾಗೇ ನಿಂತಿದ್ದೆವು. ಕಾಲು ಕಂಡ ಕೂಡಲೇ ಓಡಿದೆವು. ವಾಸಂತಿ ಗಣಿಯ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು, ಎರಡೂ ಕೈಯಲ್ಲಿ ಜೋಳದ ಕುತ್ತಿಗೆ ತಬ್ಬಿಕೊಂಡು. ಜೋಳ ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಪಿನ್ನಿನ ಚಪ್ಪಲಿ ಕೆಳಗೆ ನೀರಿನ ಮೇಲೆ ತೇಲುತ್ತಿತ್ತು.

ಅಮ್ಮ ಅವಳ ಬೆನ್ನಿಗೆ ಒಂದು ಹೊಡೆದು, ಆಮೇಲೆ ಅವಳನ್ನು ಎದೆಗೆ ಒತ್ತಿಕೊಂಡಳು. ವಾಸಂತಿ ಅಳಲಿಲ್ಲ. "ಕಾಲು ಜಾರ್ತು. ಇದರ ಕುತ್ತಿಗೆ ಸಿಕ್ತು, ಹಿಡ್ಕೊಂಡೆ. ತಾತ ಹೇಳಿದ ಹಾಗೆ ಕೂತೆ," ಅಂದಳು. "ಇದು ನನ್ನ ಬಿಟ್ಟು ಹೋಗ್ಲಿಲ್ಲ ಅಕ್ಕ."

ಮನೆಗೆ ಬರುವಾಗ ಅವಳು ಕುಂಟುತ್ತ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು. "ಮೇಡಂ ಇನ್ನೊಂದು ಮರಿ ಕೊಡ್ತಾರಾ?"

ಸಂಜೆ ನಾನೇ ಮರಿಮನೆಗೆ ಹೋದೆ. ಮೇಡಂಗೆ ಸುದ್ದಿ ತಲುಪಿತ್ತು. ಅವರು ಗಂಡನ ಫೋಟೋದ ಕೆಳಗಿನ ಕುರ್ಚಿಯಲ್ಲಿ ಕೂತಿದ್ದರು. ಕೂದಲು ಬಾಚಿರಲಿಲ್ಲ.

"ಪೆಟ್ಟಾಗಿಲ್ಲ ತಾನೇ?"

"ಇಲ್ಲ ಮೇಡಂ."

"ಮಸಿಬಣ್ಣದ ಮರಿ ಇದೆ. ಅದರ ತಾಯಿ ಅಪ್ಪಟ ನಾಡುನಾಯಿ. ನಾನೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಅದನ್ನ ಹಿಡಿದು ನಡೆದಿದ್ದೀನಿ. ಪ್ರತಿಸಲ ನೇರ ಬಾಗಿಲಿಗೇ ಬಂತು. ವಾಸಂತಿಗೆ ಅದೇ ಆಗಲಿ. ನಾಳೆ ಜೋಳಾನ ತಂದುಬಿಡು."

"ಶೆಡ್ಡಿಗಾ ಮೇಡಂ?"

"ಶೆಡ್ಡು ಖಾಲಿ ಮಾಡ್ತೀನಿ ಹೊನ್ನಿ. ಇಷ್ಟನ್ನ ಸಾಕೋಕೆ ನನ್ನ ಕೈಲಾಗಲ್ಲ. ಒಂದೊಂದಕ್ಕೂ ಸೂಜಿ ಹಾಕ್ತೀನಿ. ನೋವಾಗಲ್ಲ, ನಿದ್ದೆ ಬಂದ ಹಾಗೆ ಆಗುತ್ತೆ. ನಾನೇ ಹಾಕ್ತೀನಿ, ಬೇರೆಯವರ ಕೈಗೆ ಕೊಡಲ್ಲ."

ನಾನು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಕೆಲಸವಿರಲಿಲ್ಲ, ಆದರೂ ಶೆಡ್ಡಿನ ಬೋಗುಣಿಗಳಿಗೆ ನೀರು ತುಂಬಿಸಿದೆ.

ಮಾರನೆಯ ಬೆಳಿಗ್ಗೆ ಬೋರಲಿಂಗಯ್ಯ ಊರನ್ನು ಕಟ್ಟೆಗೆ ಕರೆದ. ಮರಿಮನೆ ಮುಚ್ಚಬೇಕೋ ಬೇಡವೋ, ಇವತ್ತೇ ತೀರ್ಮಾನವಾಗಲಿ ಎಂದ. ಎಲ್ಲರೂ ತಮ್ಮ ತಮ್ಮ ನಾಯಿಗಳೊಂದಿಗೆ ಬಂದು ಕೂತರು. ಮೇಡಂ ಮಸಿಬಣ್ಣದ ಮರಿಯನ್ನು ತಂದಿದ್ದರು. ನಾನು ಜೋಳವನ್ನು ಹಿಡಿದು ಅಮ್ಮನ ಹಿಂದೆ ನಿಂತೆ. ಜೋಳ ಕಟ್ಟೆಯ ಕಲ್ಲಿಗೆ ಮೂಗು ತಾಗಿಸಿ ಬಾಲ ಅಲ್ಲಾಡಿಸುತ್ತಿತ್ತು.

"ನಾನು ಕೇಳೋದು ಇಷ್ಟೇ," ಬೋರಲಿಂಗಯ್ಯ ಎದ್ದುನಿಂತ. "ಉಣ್ಣೆ ಕಣ್ಣಿಗೆ ಕಾಣ್ತದೆ. ದಾರಿ ಕಾಣ್ತದಾ? ನೀವು ಕಂಡಿದ್ದನ್ನ ನೋಡ್ಕೊಂಡು ಆರಿಸಿದ್ರಿ, ಕಾಣದೇ ಇರೋದು ಕೈ ಬಿಟ್ಟು ಹೋಯ್ತು. ನಿನ್ನೆ ಒಂದು ಹೆಣ್ಣುಮಗು ಗಣಿಗೆ ಬೀಳೋದ್ರಲ್ಲಿತ್ತು."

"ನನ್ನ ಗಂಡ ಬಿದ್ದೇ ಹೋದ್ರು," ಮೇಡಂ ಅಂದರು. "ಆವಾಗ ಯಾರೂ ಕಟ್ಟೆ ಕೂಡಿಸಲಿಲ್ಲ."

ಮೇಡಂ ಮುಂದುವರಿಸಿದರು. "ಉಬ್ಬಸದವರು ಮಧ್ಯಾಹ್ನ ಆಯ್ತು ಅಂದ್ರೆ ಸತ್ತ ಹಾಗೆ ಒಳಗೆ ಬಿದ್ದಿರಬೇಕಾ? ನಿಮ್ಮನೇಲಿ ಯಾರಿಗೂ ಉಬ್ಬಸ ಇಲ್ಲ ಬೋರಲಿಂಗಯ್ಯ, ಅದಕ್ಕೆ ನಿಮಗೆ ಈ ಮಾತು ಸುಲಭ. ನಾನು ಕೊಟ್ಟ ಮರಿ ಹಿಡ್ಕೊಂಡು ಎಷ್ಟು ಜನ ಬಿಳುಪಲ್ಲಿ ಓಡಾಡ್ತಿದ್ದಾರೆ, ಅವರನ್ನ ಕೇಳಿ."

"ಓಡಾಡೋರನ್ನ ಕೇಳ್ಬೋದು. ಶೆಡ್ಡಲ್ಲಿ ಇರೋದನ್ನ ಯಾರು ಕೇಳ್ತಾರೆ?"

"ನಮ್ಮದಂತೂ ತುಂಬ ಚೆನ್ನಾಗಿದೆಯಪ್ಪ," ಗಿರಿಜಮ್ಮ ನಡುವೆ ಬಾಯಿ ಹಾಕಿದರು. ಜೇನುಬಣ್ಣದ್ದು ಅವರ ತೊಡೆಯ ಮೇಲಿತ್ತು. "ಒಂದು ದಿನಾನೂ ದಾರಿ ತಪ್ಪಿಲ್ಲ."

"ತೊಡೆ ಬಿಟ್ಟು ಇಳಿದ್ರೆ ತಾನೇ ತಪ್ಪೋದು," ಹಿಂದಿನಿಂದ ಯಾರೋ ಅಂದರು. "ಸೆಟ್ರು ಪಾಪ ಬಿಳುಪು ಬರೋಕೆ ಮುಂಚೆ ಅಂಗಡಿ ಮುಚ್ಕೊಂಡು ಓಡ್ತಾರೆ."

ಜನ ನಕ್ಕರು. ಗಿರಿಜಮ್ಮ ಮುಖ ತಿರುಗಿಸಿದರು. ನಗು ನಿಂತ ಕೂಡಲೇ ಜಗಳ ಮತ್ತೆ ಹತ್ತಿತು. ಉಣ್ಣೆಮರಿ ಹುಟ್ಟಿಸುವುದೇ ಪಾಪ ಎಂದು ಒಬ್ಬರು. ಉಬ್ಬಸದವರಿಗೆ ಮಾತ್ರ ಕೊಡಲಿ ಎಂದು ಇನ್ನೊಬ್ಬರು. ಎಲ್ಲ ಉಣ್ಣೆಮರಿಯೂ ಒಂದೇ ಅಲ್ಲ, ನಮ್ಮನೆಯದರ ಪಕ್ಕ ಕೂತರೂ ಮಗನಿಗೆ ಸೀನು ಬರುತ್ತದೆ ಎಂದು ಮತ್ತೊಬ್ಬರು. ಶೆಡ್ಡಿನ ನಾಯಿಗಳ ಮಾತು ಬಂದಾಗ ಎಲ್ಲರಿಗೂ ಕನಿಕರವಾಯಿತು. ಅಯ್ಯೋ ಮೂಕಪ್ರಾಣಿ ಎಂದರು. ಸೂಜಿ ಹಾಕುವುದು ಕಟುಕರ ಕೆಲಸ ಎಂದು ಬೋರಲಿಂಗಯ್ಯ ಕೂಗಿದ. ಹಾಗಾದರೆ ನೀವು ಒಂದು ಒಯ್ಯಿರಿ ಎಂದು ಮೇಡಂ ಅಂದರು. "ನನ್ನ ಮನೇಲಿ ಕಾಳಿ ಇದೆ," ಎಂದ ಅವನು. ಅಷ್ಟು ಹೇಳುವಾಗ ಅವನ ಕೈ ತಾನಾಗಿ ಕಾಳಿಯ ತಲೆಯ ಮೇಲೆ ಹೋಯಿತು.

"ಆ ಹುಡುಗೀನೇ ಕೇಳಿ," ಯಾರೋ ಅಂದರು.

ವಾಸಂತಿ ಎದ್ದಳು. ಬರಿಗಾಲಲ್ಲಿದ್ದಳು. "ನನಗೆ ಮಸಿಬಣ್ಣದ್ದು ಬೇಕು. ನಾನು ಹೈಸ್ಕೂಲಿಗೆ ಹೋಗ್ತೀನಿ." ಅಷ್ಟು ಹೇಳಿ ಕೂತಳು. ಕೂತ ಮೇಲೆ ನನ್ನ ಕಡೆ ನೋಡಿದಳು, ಜೋಳದ ಕಡೆ ನೋಡಲಿಲ್ಲ. ಅಮ್ಮನೂ ನೋಡಲಿಲ್ಲ. ಮಸಿಬಣ್ಣದ್ದು ನಮ್ಮ ಮನೆಗೆ ಬರಬೇಕೆಂದರೆ ಜೋಳ ಹೊರಗೆ ಹೋಗಬೇಕು. ವಾಸಂತಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ವಯಸ್ಸಿನಲ್ಲಿ ನಾನೂ ಅದನ್ನೇ ಕೇಳುತ್ತಿದ್ದೆ. ನನಗೆ ಕೇಳಲು ಬಾಯಿ ಇರಲಿಲ್ಲ ಅಷ್ಟೆ.

"ಆಯ್ತಲ್ಲ," ಮೇಡಂ ನನ್ನ ಕಡೆ ತಿರುಗಿದರು. "ಹೊನ್ನಿ, ಜೋಳಾನ ಇಲ್ಲಿ ಕೊಡು."

ನಾನು ಕೊಡಲಿಲ್ಲ. ಉಣ್ಣೆಯೊಳಗೆ ನನ್ನ ಬೆರಳುಗಳು ಹೂತಿದ್ದವು. ಬೆಳಿಗ್ಗೆಯೇ ಬಾಚಿದ್ದರಿಂದ ಎಲ್ಲೂ ಗಂಟಿರಲಿಲ್ಲ.

"ಕೊಡಮ್ಮ," ಬೋರಲಿಂಗಯ್ಯ ಅಂದ. "ಇವತ್ತು ಇದೊಂದಾಗಲಿ. ಮುಂದಕ್ಕೆ ಇಂಥದ್ದು ಹುಟ್ಟದ ಹಾಗೆ ನಾವು..."

ಅವನ ಮಾತು ಅಲ್ಲಿಗೇ ನಿಂತಿತು. ವಾದದಲ್ಲಿ ಊಟದ ಹೊತ್ತು ಮೀರಿತ್ತು, ಯಾರೂ ಮೇಲೆ ನೋಡಿರಲಿಲ್ಲ. ಬೇವಿನ ಮರದ ತುದಿ ಆಗಲೇ ಹೋಗಿತ್ತು. ಬಿಳುಪು ಜನರ ತಲೆಗೆ, ಹೆಗಲಿಗೆ ಇಳಿಯಿತು. ಒಬ್ಬೊಬ್ಬರೂ ಬಾಯಿ ಮುಚ್ಚಿದರು. ಕೈಗಳು ನಾಯಿಗಳ ಕುತ್ತಿಗೆಗೆ ಹೋದದ್ದು ಕಂಡಿತು, ಆಮೇಲೆ ಅದೂ ಕಾಣಲಿಲ್ಲ. ಬಿಳುಪು ದಟ್ಟವಾಗಿ, ನಾಯಿ ತಾನಾಗಿ ಮೊದಲ ಹೆಜ್ಜೆ ಇಡುವವರೆಗೆ ಕದಲದೆ ನಿಲ್ಲಬೇಕು. ಊರೆಲ್ಲ ನಿಂತಿತ್ತು. ಯಾರದೋ ಉಸಿರು ನನ್ನ ಭುಜಕ್ಕೆ ತಾಗುತ್ತಿತ್ತು. ಇನ್ನೇನು ಒಬ್ಬೊಬ್ಬರೇ ಹೊರಡುತ್ತಾರೆ, ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಬಿಳುಪು ಎದ್ದಾಗ ಇಲ್ಲಿ ಮೇಡಂ ಇರುತ್ತಾರೆ, ನಾನಿರುತ್ತೇನೆ, ಜೋಳ ಇರುತ್ತದೆ.

ಮೊದಲ ನಾಯಿಯ ಉಗುರು ಕಲ್ಲಿಗೆ ತಾಗಿದ ಸದ್ದಾಯಿತು.

"ಯಾರಾದ್ರೂ ಇದನ್ನ ಇಟ್ಕೊಳ್ಳಿ," ಅಂದೆ.

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಟ್ಟೆಯ ಸುತ್ತ ನಾಯಿಗಳೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದವು. ಕಾಲುಗಳು ಸರಿದದ್ದು, ಬಾಲಗಳು ಯಾರ್ಯಾರದೋ ಸೀರೆಗೆ, ಪಂಚೆಗೆ ಬಡಿದದ್ದು ಕೇಳಿಸಿತು. ಇನ್ನು ಬಿಳುಪು ಏಳುವವರೆಗೆ ಯಾರಿಗೂ ದಾರಿಯಿಲ್ಲ. ಎಲ್ಲರೂ ಇಲ್ಲೇ ನಿಲ್ಲಬೇಕು. ಅಮ್ಮನ ಕೈ ನನ್ನ ಬಾಯಿಯನ್ನು ಹುಡುಕುತ್ತ ಬಂದು ಕೆನ್ನೆಗೆ ತಾಗಿತು, ಆದರೆ ಮುಚ್ಚಲಿಲ್ಲ, ಅಲ್ಲೇ ಉಳಿಯಿತು. ಜೋಳ ನನ್ನ ಮೊಣಕಾಲಿಗೆ ಮೂಗು ಒತ್ತಿ ನಿಂತಿತು. ಯಾರೂ ಕೆಮ್ಮಲಿಲ್ಲ ಕೂಡ.

"ನಿಮ್ಮಲ್ಲಿ ಯಾರಾದ್ರೂ," ಅಂದೆ. "ದಿನಾ ನಾನೇ ಬಂದು ಬಾಚಿಕೊಡ್ತೀನಿ. ಇದನ್ನ ಇಟ್ಕೊಳ್ಳಿ."